ಆಟ ಕೊಡದ್ದನ್ನು ಜಿಮ್ ಕೊಡಲಿ

(ಬೆಂಗಳೂರಿನಲ್ಲಿ ಅಕಾಡೆಮಿ ಕೋಚ್‌ಗಳು, ಶಾಲೆಗಳ ಪಿ.ಟಿ. ಮೇಷ್ಟ್ರುಗಳು ಮತ್ತು ಆಡುವ ಮಕ್ಕಳ ತಂದೆತಾಯಂದಿರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಬಹಳ ಜನ ನೋಡಿರುವ ದೃಶ್ಯದಿಂದಲೇ ಶುರು ಮಾಡೋಣ. ಸಂಜೆ ಐದೂವರೆ, ಅಕಾಡೆಮಿಯ ಜಿಮ್ಮು, ಗೋಡೆಗೆ ಒಂದು ವೈಟ್ ಬೋರ್ಡು. ಅದರ ಮೇಲೆ: ಸ್ಕ್ವಾಟ್ 4×10, ಬೆಂಚ್ ಪ್ರೆಸ್ 4×10, ಬರ್ಪಿ 50, ಪ್ಲ್ಯಾಂಕ್ 2 ನಿಮಿಷ. (4×10 ಅಂದರೆ ಹತ್ತು ಹತ್ತು ಸಲದ ನಾಲ್ಕು ಸೆಟ್; ಬರ್ಪಿ ಅಂದರೆ ಕೂತು, ನೆಲಕ್ಕೆ ಒರಗಿ, ಎದ್ದು ಜಿಗಿಯುವುದು.) ಬೋರ್ಡಿನ ಮುಂದೆ 17ರ ಫಾಸ್ಟ್ ಬೌಲರ್, 13ರ ಬ್ಯಾಡ್ಮಿಂಟನ್ ಹುಡುಗಿ, ಕಬಡ್ಡಿಯ ಕಾರ್ನರ್ ಆಟಗಾರ, 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿರುವ ಸಾಫ್ಟ್‌ವೇರ್ ಉದ್ಯೋಗಿ. ಎಲ್ಲರಿಗೂ ಒಂದೇ ಪಟ್ಟಿ.

ಇದೊಂದು ತಪ್ಪು. ಇನ್ನೊಂದು ತಪ್ಪು ಇದಕ್ಕೆ ಉಲ್ಟಾ, ಮೊಬೈಲ್ ವಿಡಿಯೊಗಳ ಕೃಪೆಯಿಂದ ಈಚೆಗೆ ಜಾಸ್ತಿಯಾಗಿದೆ. ಬ್ಯಾಟ್ಸ್‌ಮನ್‌ನ ಬ್ಯಾಟಿಗೆ ರಬ್ಬರ್ ಬ್ಯಾಂಡ್ ಕಟ್ಟುವುದು, ಓಟಗಾರನ ಕಾಲಿಗೆ ಮರಳಿನ ಚೀಲ ಬಿಗಿಯುವುದು, ಬ್ಯಾಡ್ಮಿಂಟನ್ ಹುಡುಗನ ಕೈಗೆ 2 ಕೆ.ಜಿ. ಡಂಬೆಲ್ ಕೊಟ್ಟು ಸ್ಮ್ಯಾಶ್ ಮಾಡಿಸುವುದು. ಆಟದ ಹಾಗೇ ಕಾಣುತ್ತದಲ್ಲ, ಆಟಕ್ಕೆ ಒಳ್ಳೆಯದೇ ಇರಬೇಕು ಅನ್ನುವ ಲೆಕ್ಕ. ಆ ರ್‍ಯಾಕೆಟ್ಟಿನ ತೂಕ 80ರಿಂದ 90 ಗ್ರಾಂ. 2 ಕೆ.ಜಿ. ಹಿಡಿದು ಬೀಸಿದರೆ ಕೈ ನಿಧಾನವಾಗುತ್ತದೆ, ಮಣಿಕಟ್ಟು ತಿರುಗುವ ಹೊತ್ತು ಬದಲಾಗುತ್ತದೆ, ಭುಜ ಬೇರೆಯದೇ ಹಾದಿ ಕಲಿಯುತ್ತದೆ. ಮೇಲಾಗಿ ಡಂಬೆಲ್ಲನ್ನು ಭೂಮಿ ಎಳೆಯುವುದು ಕೆಳಕ್ಕೆ. ಸ್ಮ್ಯಾಶ್‌ನಲ್ಲಿ ಕೈ ಬರುವುದೂ ಕೆಳಕ್ಕೇ. ತಡೆ ಒಡ್ಡಬೇಕಾದ ಭಾರ ಅಲ್ಲಿ ಕೈಗೆ ಸಹಾಯ ಮಾಡುತ್ತಾ ಕೂತಿದೆ. ಸ್ಮ್ಯಾಶ್ ಹೊಡೆಯುವುದನ್ನು ಕೋರ್ಟು ದಿನವೂ ನೂರಾರು ಸಲ ಕಲಿಸುತ್ತದೆ. ಕೋರ್ಟು ಕೊಡಲಾಗದ್ದನ್ನು ಕೊಡುವುದಕ್ಕೆ ಜಿಮ್ ಇರುವುದು. ಇವತ್ತು ನಾನು ಹೇಳುವುದೆಲ್ಲ ಈ ಒಂದೇ ಮಾತಿನ ವಿಸ್ತಾರ.

ನಮ್ಮ ಪೇಟೆಯ ಗರಡಿಗಳಲ್ಲಿ ಇದು ಗೊತ್ತಿತ್ತು. ಕುಸ್ತಿಯ ಪಟ್ಟುಗಳನ್ನು ಕೆಮ್ಮಣ್ಣಿನ ಮೇಲೆ ಕಲಿಸುತ್ತಿದ್ದರು. ಬಸ್ಕಿ, ದಂಡ, ಗದೆ, ಕಲ್ಲುಗುಂಡಿಗೆ ಬೇರೆ ಹೊತ್ತು, ಬೇರೆ ಲೆಕ್ಕ. ಗದೆ ಹೊತ್ತುಕೊಂಡು ಯಾರೂ ಪಟ್ಟು ಹಾಕುತ್ತಿರಲಿಲ್ಲ.

ಮೊದಲು ಗಡಿಯಾರ, ಆಮೇಲೆ ಬಾರ್‌ಬೆಲ್

ಯೋಜನೆ ಬರೆಯುವ ಮೊದಲು ಒಂದು ಪಂದ್ಯವನ್ನು ಮೊಬೈಲಿನಲ್ಲಿ ಪೂರ್ತಿ ಚಿತ್ರೀಕರಿಸಿ, ಪೆನ್ನು ಹಿಡಿದು ಕೂತು ನೋಡಿ. ಎಷ್ಟು ಸೆಕೆಂಡು ಕೆಲಸ, ಎಷ್ಟು ಸೆಕೆಂಡು ಬಿಡುವು? ಹಾರುವುದು, ಇಳಿಯುವುದು, ಥಟ್ಟನೆ ನಿಲ್ಲುವುದು ಎಷ್ಟೆಷ್ಟು ಸಲ? ಈ ಆಟದಲ್ಲಿ ದೇಹದ ಯಾವ ಭಾಗ ಮೊದಲು ಕೈಕೊಡುತ್ತದೆ? ಬ್ಯಾಡ್ಮಿಂಟನ್ ಸಿಂಗಲ್ಸ್‌ನ ಹೆಚ್ಚಿನ ರ್‍ಯಾಲಿಗಳು ಹತ್ತು ಸೆಕೆಂಡು ಆಚೀಚೆಯಲ್ಲಿ ಮುಗಿಯುತ್ತವೆ, ನಡುವಿನ ಬಿಡುವು ಅದಕ್ಕಿಂತ ಉದ್ದ. ಕಬಡ್ಡಿಯ ಒಂದು ರೈಡಿಗೆ 30 ಸೆಕೆಂಡಿನ ಮಿತಿ. ಹಾಕಿಯಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗಾಗಿ ಫಾರ್ವರ್ಡ್ ಆಟಗಾರ ಕೆಲವು ನಿಮಿಷ ಜೀವ ಬಿಟ್ಟು ಓಡಿ ಹೊರಗೆ ಬರುತ್ತಾನೆ. ಅವನಿಗೆ ಕಂಠೀರವದ ಟ್ರ್ಯಾಕಿನಲ್ಲಿ ಒಂದೇ ಸಮನೆ 12 ಸುತ್ತು ಓಡಿಸಿದರೆ ಆಟದಲ್ಲಿ ಇಲ್ಲದ ಪರೀಕ್ಷೆಗೆ ತಯಾರು ಮಾಡಿದಂತೆ.

ಆಟ ಆಯಿತು, ಇನ್ನು ಆಟಗಾರ. ದುಬಾರಿ ಲ್ಯಾಬ್ ಬೇಡ. ಗೋಡೆಗೆ ಚಾಕ್‌ಪೀಸ್ ಗುರುತು ಮಾಡಿ ಎತ್ತರ ಜಿಗಿತ ಅಳೆಯಿರಿ. 10 ಮೀಟರ್ ಮತ್ತು 30 ಮೀಟರ್ ಓಟವನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದು ಫ್ರೇಮ್ ಎಣಿಸಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವುದಕ್ಕಿಂತ ಎಷ್ಟೋ ವಾಸಿ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು ಎಡಕ್ಕೆಷ್ಟು, ಬಲಕ್ಕೆಷ್ಟು ಬರೆದಿಡಿ. ಜಿಮ್ಮಿಗೆ ಒಂದು ವರ್ಷವಾದರೂ ಬಂದವರಿಗೆ ಮಾತ್ರ ಭಾರದ ಪರೀಕ್ಷೆ, ಅದೂ ಐದು ಸಲ ಎತ್ತಬಲ್ಲ ಭಾರ ಸಾಕು. ಒಂದೇ ಸಲ ಎತ್ತಬಲ್ಲ ಗರಿಷ್ಠವನ್ನು ಅದರಿಂದ ಲೆಕ್ಕ ಹಾಕಬಹುದು: ಎತ್ತಿದ ಸಂಖ್ಯೆಯನ್ನು 30ರಿಂದ ಭಾಗಿಸಿ, 1 ಕೂಡಿಸಿ, ಭಾರದಿಂದ ಗುಣಿಸಿ. 60 ಕೆ.ಜಿ. ಐದು ಸಲ ಎತ್ತಿದರೆ ಗರಿಷ್ಠ ಸುಮಾರು 70. ಅಂದಾಜಷ್ಟೇ, ಎತ್ತಿದ ಸಂಖ್ಯೆ ಹತ್ತು ದಾಟಿದರೆ ಅದನ್ನು ನಂಬಬೇಡಿ.

ಇನ್ನು ಪ್ರಮಾಣ. ಬಲ ಬೆಳೆಸಲು ಗರಿಷ್ಠದ 80ರಿಂದ 90 ಶೇಕಡಾ ಭಾರ, ಸೆಟ್ಟಿಗೆ 3ರಿಂದ 5 ಸಲ, 3 ಅಥವಾ 4 ಸೆಟ್, ನಡುವೆ 3 ನಿಮಿಷ ಬಿಡುವು. ಆ 3 ನಿಮಿಷವೇ ನಮ್ಮ ಕೋಚ್‌ಗಳಿಗೆ ತಡೆಯುವುದಿಲ್ಲ. ಹುಡುಗ ಸುಮ್ಮನೆ ಕೂತಿದ್ದಾನೆ ಅಂತ ನಡುವೆ ಬರ್ಪಿ ತುರುಕುತ್ತಾರೆ. ಆಗ ಮುಂದಿನ ಸೆಟ್ಟಿನ ಭಾರ ತಾನಾಗಿ ಇಳಿಯುತ್ತದೆ. ಬಲದ ತರಬೇತಿ ಹೋಗಿ ಬೆವರಿನ ತರಬೇತಿಯಾಗುತ್ತದೆ. ಜಿಗಿತ, ಮೆಡಿಸಿನ್ ಬಾಲ್ (ತೂಕದ ದೊಡ್ಡ ಚೆಂಡು) ಎಸೆತದಂಥವುಗಳಲ್ಲಿ ಭಾರ ಕಡಿಮೆ, ವೇಗ ಪೂರ್ತಿ. ಸೆಟ್ಟಿಗೆ 3ರಿಂದ 5, ಎತ್ತರ ಅಥವಾ ದೂರ ಕಣ್ಣಿಗೆ ಕಾಣುವಷ್ಟು ಇಳಿದ ಕೂಡಲೇ ಅವತ್ತಿಗೆ ಸಾಕು.

ಬೋರ್ಡಿನ ಮೇಲಿದ್ದ 4×10 ಕೆಟ್ಟದ್ದೇನಲ್ಲ. ಟೂರ್ನಿ ಇಲ್ಲದ ತಿಂಗಳಲ್ಲಿ ಮಾಂಸಖಂಡ ಬೆಳೆಸಲು ಅದು ಬೇಕು. ಪಂದ್ಯಗಳ ನಡುವೆ ಮಾಡಿಸಿದರೆ ಎರಡು ದಿನ ತೊಡೆ ನೋವು, ಮೂರನೆಯ ದಿನ ಪಂದ್ಯ. ಆಮೇಲೆ ‘ಜಿಮ್ ಮಾಡಿದರೆ ಕಾಲು ಭಾರ ಆಗುತ್ತೆ ಸಾರ್’ ಅನ್ನುವ ದೂರು.

ಫಾಸ್ಟ್ ಬೌಲರ್‌ನ ಬೆನ್ನು

ಬಲಗೈ ಫಾಸ್ಟ್ ಬೌಲರ್ ಒಬ್ಬನನ್ನು ತೆಗೆದುಕೊಳ್ಳೋಣ, ವಯಸ್ಸು 17, ತೂಕ 70 ಕೆ.ಜಿ. ಚೆಂಡು ಬಿಡುವ ಮೊದಲು ಎಡಗಾಲು ಕ್ರೀಸಿನಲ್ಲಿ ಅಪ್ಪಳಿಸುವಾಗ ನೆಲ ವಾಪಸು ತಳ್ಳುವ ಬಲ ದೇಹದ ತೂಕದ ಐದು ಪಟ್ಟು ದಾಟಬಹುದು, ಅಂದರೆ 350 ಕೆ.ಜಿ.ಗೂ ಮೇಲೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಗುತ್ತಿರುತ್ತದೆ. ಆ ಒತ್ತಡ ಹೋಗಿ ಕೂರುವುದು ಕೆಳಬೆನ್ನಿನ ಕಶೇರುಗಳ ಹಿಂಭಾಗದ ಒಂದು ಸಣ್ಣ ಎಲುಬಿನ ಸೇತುವೆಯ ಮೇಲೆ, ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಬದಿಯಲ್ಲಿ. ಇಪ್ಪತ್ತರ ಆಚೀಚೆಯವರೆಗೂ ಆ ಎಲುಬು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಬೀಳುವ ಒತ್ತಡಕ್ಕೆ ಎಲುಬು ಬಿರುಕು ಬಿಡುವ ಸ್ಟ್ರೆಸ್ ಫ್ರ್ಯಾಕ್ಚರ್ ಆಗುವುದು ಇಲ್ಲೇ.

ಈ ಹುಡುಗನಿಗೆ ಜಿಮ್‌ನಲ್ಲಿ ಭಾರ ಹಿಡಿದು ಸೊಂಟ ತಿರುಗಿಸುವ ರಷ್ಯನ್ ಟ್ವಿಸ್ಟ್, ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ದಿಕ್ಕಿನ ಕೆಲಸವನ್ನು ಬೌಲಿಂಗು ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟಿದೆ. ಬೌಲಿಂಗ್ ಕೊಡದಿರುವುದು ಏನು? ಮುಂಗಾಲು ಕುಸಿಯದಂತೆ ತಡೆಯುವ ತೊಡೆ ಬಲ, ಸೊಂಟ ವಾಲದಂತೆ ಹಿಡಿಯುವ ಪಕ್ಕದ ಬಲ, ಭುಜದ ಹಿಂಬದಿಯ ಬಲ, ಮೀನಖಂಡ. ಹಾಗಾಗಿ ಹೆಕ್ಸ್ ಬಾರ್ ಡೆಡ್‌ಲಿಫ್ಟ್ (ಆರು ಮೂಲೆಯ ಬಾರಿನೊಳಗೆ ನಿಂತು ನೆಲದಿಂದ ಭಾರ ಎತ್ತುವುದು) 4×4, ಹಿಂಗಾಲು ಬೆಂಚಿನ ಮೇಲಿಟ್ಟ ಸ್ಪ್ಲಿಟ್ ಸ್ಕ್ವಾಟ್ ಪ್ರತಿ ಕಾಲಿಗೆ 3×6, ಕೆಳಗೆ ಇಳಿದಲ್ಲಿ 3 ಸೆಕೆಂಡ್ ತಡೆ, ಚಿನ್‌ಅಪ್ 4×5, ಮಂಡಿ ಬಗ್ಗಿಸಿಕೊಂಡು ಒಂಟಿ ಕಾಲಿನ ಹಿಮ್ಮಡಿ ಎತ್ತುವಿಕೆ 3×8, ಒಂದೇ ಕೈಯಲ್ಲಿ ಭಾರದ ಡಂಬೆಲ್ ಹಿಡಿದು 20 ಮೀಟರ್ ನಡಿಗೆ, ಪ್ರತಿ ಬದಿಗೆ 3 ಸಲ. ಈ ನಡಿಗೆ ನೋಡಲು ಮಾರ್ಕೆಟ್ಟಿನಿಂದ ಒಂದೇ ಕೈಯಲ್ಲಿ ತರಕಾರಿ ಚೀಲ ತಂದಂತೆಯೇ. ಭುಜಗಳು ಮಟ್ಟವಾಗಿ ಇರಬೇಕು, ಚೀಲದ ಕಡೆ ವಾಲಿದರೂ ಎದುರು ಕಡೆ ವಾಲಿದರೂ ಭಾರ ಜಾಸ್ತಿಯಾಯಿತು ಅಂತ ಅರ್ಥ.

ಯಾವ ದಿನ? ಬೌಲಿಂಗ್ ಮಾಡಿದ ದಿನವೇ, ಬೌಲಿಂಗ್ ಆದಮೇಲೆ. ಇದು ಬಹಳ ಕೋಚ್‌ಗಳಿಗೆ ವಿಚಿತ್ರ ಅನ್ನಿಸುತ್ತದೆ. ಭಾನುವಾರ ಪಂದ್ಯ, ಸೋಮವಾರ ರಜೆ ಅಂದುಕೊಳ್ಳಿ. ಮಂಗಳವಾರ ಮತ್ತು ಗುರುವಾರ ನೆಟ್ಸ್‌ನಲ್ಲಿ ಪೂರ್ತಿ ವೇಗದ ಬೌಲಿಂಗ್, ಅದೇ ಸಂಜೆ ಕಾಲಿನ ಜಿಮ್. ಗುರುವಾರ ಮಾತ್ರ ಸೆಟ್ ಅರ್ಧಕ್ಕೆ ಇಳಿಸಿ. ಬುಧವಾರ ಬ್ಯಾಟಿಂಗ್, ಫೀಲ್ಡಿಂಗ್. ಶುಕ್ರವಾರ ಕೈ, ಭುಜ. ಶನಿವಾರ ಬರೀ ವಾರ್ಮ್‌ಅಪ್, ಕೆಲವು ಚೆಂಡು. ‘ಬೌಲಿಂಗ್ ಇಲ್ಲದ ದಿನ ಜಿಮ್’ ಎಂದು ಇಟ್ಟುಕೊಂಡರೆ ಬೆನ್ನಿಗೂ ಕಾಲಿಗೂ ವಾರದಲ್ಲಿ ಒಂದು ದಿನವೂ ಬಿಡುವಿಲ್ಲ.

ಇನ್ನೊಂದು, ಚೆಂಡಿನ ಲೆಕ್ಕ. ಶಾಲೆಯ ತಂಡಕ್ಕೆ ಒಬ್ಬ ಕೋಚ್, ಕ್ಲಬ್ಬಿಗೆ ಒಬ್ಬ, ಅಕಾಡೆಮಿಗೆ ಮತ್ತೊಬ್ಬ. ಒಬ್ಬರು ಹಾಕಿಸಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮೂವರೂ ‘ನಾನು ಆರು ಓವರ್ ಅಷ್ಟೇ ಹಾಕಿಸಿದ್ದು’ ಅನ್ನುತ್ತಾರೆ, ಮೂವರದ್ದೂ ನಿಜ, ಹುಡುಗ ಹಾಕಿದ್ದು 108 ಚೆಂಡು. ಆದ್ದರಿಂದ ಪುಸ್ತಕ ಹುಡುಗನ ಕಿಟ್ ಬ್ಯಾಗಿನಲ್ಲಿರಬೇಕು, ಕೋಚ್ ಹತ್ತಿರ ಅಲ್ಲ. ಬೌಲಿಂಗ್ ಮಾಡುವಾಗ ಬೆನ್ನಿನ ಒಂದೇ ಬದಿ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ ಅಂದರೆ ಅದನ್ನು ಉಳುಕು ಅಂತ ಸ್ಪ್ರೇ ಹೊಡೆದು ಆಡಿಸಬೇಡಿ. ಬೌಲಿಂಗ್ ನಿಲ್ಲಿಸಿ, ಕ್ರೀಡಾ ವೈದ್ಯರಿಗೆ ತೋರಿಸಿ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದೆ ಎಂಆರ್‌ಐಯಲ್ಲಿ ಕಾಣುವುದುಂಟು.

ಒಂದು ಮಾತು ಯೊ-ಯೊ ಟೆಸ್ಟ್ ಬಗ್ಗೆ. 2017ರ ಸುಮಾರಿಗೆ ಭಾರತ ತಂಡದ ಆಯ್ಕೆಗೆ ಈ ಓಟದ ಪರೀಕ್ಷೆಯಲ್ಲಿ 16.1ರ ಹಂತ ಮುಟ್ಟಬೇಕು ಎಂದು ಸುದ್ದಿಯಾದ ಮೇಲೆ ಗಲ್ಲಿ ಗಲ್ಲಿಯ ಅಕಾಡೆಮಿಯಲ್ಲೂ ಅದೇ ಮಂತ್ರ. 20 ಮೀಟರ್ ಹೋಗಿ ಬಂದು, 10 ಸೆಕೆಂಡ್ ಬಿಡುವು, ಮತ್ತೆ ಹೋಗು. ಒಳ್ಳೆಯ ಪರೀಕ್ಷೆಯೇ. ಆದರೆ ವಾರಕ್ಕೆರಡು ಸಲ ಯೊ-ಯೊ ಓಡಿಸುವುದೇ ತರಬೇತಿ ಅಂದುಕೊಂಡರೆ, ಜ್ವರ ಇಳಿಯಲಿ ಅಂತ ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಇಟ್ಟ ಹಾಗೆ.

ಬೆಳೆಯುತ್ತಿರುವ ಹುಡುಗಿ

ಈಗ ಆ 13ರ ಬ್ಯಾಡ್ಮಿಂಟನ್ ಹುಡುಗಿ. ಪ್ರಕಾಶ್ ಪಡುಕೋಣೆಯವರ ಊರಲ್ಲವೇ, ಇಂಥ ಮಕ್ಕಳು ಬಡಾವಣೆಗೆ ಹತ್ತಾರು ಸಿಗುತ್ತಾರೆ. ಇವಳ ವಿಷಯದಲ್ಲಿ ಮೊದಲ ಸಾಧನ ಬಾರ್‌ಬೆಲ್ ಅಲ್ಲ, ಅಳತೆ ಟೇಪು. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು ಸುಮಾರು 12ಕ್ಕೆ, ಹುಡುಗರು 14ಕ್ಕೆ. ಎರಡು ವರ್ಷ ಹಿಂದುಮುಂದಾಗುವುದು ಸಹಜ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ, ಬರಿಗಾಲಲ್ಲಿ, ಅದೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಸಂಜೆ ಅಳೆದರೆ ಬೆನ್ನೆಲುಬು ಕುಗ್ಗಿ ಒಂದು ಸೆಂ.ಮೀ. ತಪ್ಪು ಬರಬಹುದು, ಮೂರು ತಿಂಗಳ ಬೆಳವಣಿಗೆಯೇ ಅಷ್ಟಿರುತ್ತದೆ. ಮೂರು ತಿಂಗಳಲ್ಲಿ 2 ಸೆಂ.ಮೀ. ಬೆಳೆದಿದ್ದರೆ ವೇಗದ ಹಂತದಲ್ಲಿದ್ದಾಳೆ ಅಂತ ಇಟ್ಟುಕೊಳ್ಳಿ. ಎಲುಬು ಮುಂದೆ ಓಡಿರುತ್ತದೆ, ಖಂಡ ಮತ್ತು ಸ್ನಾಯುರಜ್ಜು ಹಿಂದೆ ಎಳೆದಾಡುತ್ತಿರುತ್ತವೆ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಒತ್ತಿದರೆ ನೋವು, ಹಿಮ್ಮಡಿಯ ಹಿಂದೆ ನೋವು ಆಗಲೇ ಬರುವುದು. ನಿನ್ನೆ ಬರುತ್ತಿದ್ದ ಫುಟ್‌ವರ್ಕ್ ಇವತ್ತು ಬರುವುದಿಲ್ಲ. ಸೋಮಾರಿತನ ಅಂತ ಬೈಯುವವರೇ ಹೆಚ್ಚು. ಆ ಕೆಲವು ತಿಂಗಳು ಜಿಗಿತಗಳನ್ನು ಅರ್ಧಕ್ಕೆ ಇಳಿಸಿ, ಬಲದ ವ್ಯಾಯಾಮ ಮುಂದುವರಿಸಿ. ಜಿಮ್ ಮಾಡಿದರೆ ಎತ್ತರ ನಿಂತುಹೋಗುತ್ತದೆ ಅನ್ನುವ ಭಯ ಬಿಡಿ. ಮೇಲ್ವಿಚಾರಣೆಯಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದ ಭಾರದಿಂದ ಬೆಳವಣಿಗೆ ನಿಂತದ್ದಕ್ಕೆ ಪುರಾವೆ ಇಲ್ಲ.

ಇವಳಿಗೆ ಹತ್ತಿರದಿಂದ ನೋಡಬೇಕಾದ್ದು ಇಳಿಯುವ ರೀತಿ. ಬಲಗೈ ಆಟಗಾರ್ತಿ ಹಿಂದಿನ ಎಡ ಮೂಲೆಗೆ ಓಡಿ, ತಲೆಯ ಮೇಲಿಂದ ಹೊಡೆದು, ಎಡಗಾಲೊಂದರ ಮೇಲೇ ಇಳಿಯುತ್ತಾಳೆ. ದೇಹ ಇನ್ನೂ ಹಿಂದಕ್ಕೆ ಹೋಗುತ್ತಿರುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿಬಂಧ (ಎಲುಬುಗಳನ್ನು ಹಿಡಿದಿಡುವ ಪಟ್ಟಿ) ಹರಿಯುವ ಹೆಸರುವಾಸಿ ಜಾಗವೇ ಅದು, ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಅಭ್ಯಾಸ ಹೀಗೆ: 20 ಸೆಂ.ಮೀ. ಎತ್ತರದ ಪೆಟ್ಟಿಗೆ. ಅದರಿಂದ ಜಿಗಿಯುವುದು ಬೇಡ, ಸುಮ್ಮನೆ ಹೆಜ್ಜೆ ಆಚೆ ಇಟ್ಟು ಎರಡೂ ಕಾಲಲ್ಲಿ ಇಳಿದು 3 ಸೆಕೆಂಡು ಅಲ್ಲಾಡದೆ ನಿಲ್ಲಬೇಕು. ನೀವು ಎದುರು ಕೂತು ಮಂಡಿ ನೋಡಿ. ಅದು ಎರಡನೆಯ ಕಾಲ್ಬೆರಳಿನ ನೇರಕ್ಕೆ ಇರಬೇಕು. ಮಂಡಿ, ಕೋನ ಅಂತ ಪಾಠ ಮಾಡಬೇಡಿ. ‘ಸದ್ದಾಗದ ಹಾಗೆ ಇಳಿ ಪುಟ್ಟಾ’ ಅಂದರೆ ಸಾಕು, ಮಂಡಿ ಸೊಂಟ ತಾವಾಗಿ ಬಾಗುತ್ತವೆ. ಮೂರು ವಾರ ಎರಡು ಕಾಲು, 3×5, ವಾರಕ್ಕೆ ಮೂರು ದಿನ ವಾರ್ಮ್‌ಅಪ್ಪಿನಲ್ಲೇ. ಆಮೇಲೆ ಒಂಟಿ ಕಾಲು. ಆಮೇಲೆ ಹಿಂದಕ್ಕೆ ಇಳಿಯುವುದು. ಕೊನೆಗೆ ನೀವು ಷಟಲ್ ಎಸೆಯಿರಿ, ಅವಳು ಹೊಡೆದು ಇಳಿಯಲಿ. ಒಂದು ಹಂತದಲ್ಲಿ ಐದಕ್ಕೆ ಐದೂ ಸದ್ದಿಲ್ಲದೆ, ಮಂಡಿ ಒಳಕ್ಕೆ ಬಾಗದೆ ಬಂದ ಮೇಲಷ್ಟೇ ಮುಂದಿನ ಹಂತ.

ಅಪಾರ್ಟ್‌ಮೆಂಟಿನ ಸಿಮೆಂಟ್ ನೆಲದ ಕೋರ್ಟಿನಲ್ಲಿ ಎತ್ತರ ಅಟ್ಟೆಯ ರನ್ನಿಂಗ್ ಶೂ ಹಾಕಿ ಆಡಿಸುವ ಪೋಷಕರಿಗೊಂದು ಮಾತು: ಆ ಶೂ ನೇರ ಓಡಲು ಮಾಡಿದ್ದು. ಪಕ್ಕಕ್ಕೆ ಕಾಲಿಟ್ಟಾಗ ಎತ್ತರದ ಅಟ್ಟೆ ಹೊರಳುತ್ತದೆ, ಜೊತೆಗೆ ಪಾದವೂ.

ಊಟ. ಅಭ್ಯಾಸ ಮಾಡುವ ಮಕ್ಕಳಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ ಒಂದೂವರೆ ಗ್ರಾಂ ಆಸುಪಾಸು ಪ್ರೋಟೀನ್ ಸಿಗಲಿ. 44 ಕೆ.ಜಿ.ಯ ಹುಡುಗಿಗೆ ಸುಮಾರು 65 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲಿನಲ್ಲಿ 12ರಿಂದ 14, ಒಂದು ಹಿಡಿ ಕಡಲೆಕಾಯಿಯಲ್ಲಿ 7. ಉಳಿದದ್ದು ಬೇಳೆ, ಹೆಸರುಕಾಳಿನ ಉಸಲಿ, ಮೊಸರು, ಮುದ್ದೆಯಿಂದ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಬರೀ ಹೊಟ್ಟೆಯಲ್ಲಿ ಬಂದು, ಎಂಟಕ್ಕೆ ಶಾಲೆಯ ಬಸ್ಸಿನಲ್ಲಿ ಎರಡು ಇಡ್ಲಿ ತಿನ್ನುವ ಮಗುವಿಗೆ ಯಾವ ಯೋಜನೆಯೂ ಹತ್ತುವುದಿಲ್ಲ. ಋತುಸ್ರಾವ ಶುರುವಾಗಿದ್ದು ಮೂರು ತಿಂಗಳು ನಿಂತರೆ ‘ಜಾಸ್ತಿ ಆಡ್ತಾಳಲ್ಲ, ಹಾಗೇ’ ಅಂತ ಬಿಡಬೇಡಿ. ಖರ್ಚಿಗೆ ತಕ್ಕ ಆಹಾರ ಹೋಗುತ್ತಿಲ್ಲ ಅನ್ನುವುದರ ಸೂಚನೆಯಾಗಿರಬಹುದು, ಎಲುಬಿಗೂ ಪೆಟ್ಟು. ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷೆ ಮಾಡಿಸಿ.

ಮ್ಯಾಟಿನ ಮೇಲೆ, ರಸ್ತೆಯ ಮೇಲೆ

ಕಬಡ್ಡಿಯಲ್ಲಿ ಒಂದೇ ತಂಡದೊಳಗೆ ಎರಡು ಆಟ. ರೈಡರ್‌ಗೆ ಮೂರು ನಾಲ್ಕು ಮೀಟರಿನಲ್ಲಿ ವೇಗ ಹಿಡಿದು, ನಿಂತು, ದಿಕ್ಕು ಬದಲಿಸಿ, ಬೆನ್ನ ಮೇಲೆ ಇಬ್ಬರನ್ನು ಎಳೆದುಕೊಂಡು ಗೆರೆ ಮುಟ್ಟಬೇಕು. ಅವನಿಗೆ ಭಾರದ ಸ್ಲೆಡ್ ಎಳೆಯುವುದು, 10 ಮೀಟರ್, 6 ಸಲ, ಎರಡು ನಿಮಿಷ ಬಿಡುವು. ಸ್ಲೆಡ್ ಇಲ್ಲದಿದ್ದರೆ ಹಳೇ ಲಾರಿ ಟಯರು, ಹಗ್ಗ, ಮೇಲೊಂದು ಮರಳಿನ ಮೂಟೆ. ಕಾರ್ನರ್‌ನವನಿಗೆ ಕಣಕಾಲು ಹಿಡಿದು ಬಿಡದಿರುವ ಮುಷ್ಟಿ ಬೇಕು: ಬಾರ್ ಮೇಲೆ ಟವೆಲ್ ಹಾಕಿ ನೇತಾಡುವುದು 20 ಸೆಕೆಂಡು, 4 ಸಲ. ಇಬ್ಬರಿಗೂ ತೊಡೆಸಂದಿನ ಖಂಡ ಹರಿಯುವ ಭಯವಿದೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತುವ ಕೋಪನ್‌ಹೇಗನ್ ಪ್ಲ್ಯಾಂಕ್ ವಾರಕ್ಕೆರಡು ಸಲ. ಮೊದಲ ತಿಂಗಳು ಮಂಡಿ ಬೆಂಚಿನ ಮೇಲಿರಲಿ. ಪಾದ ಇಟ್ಟು ಶುರು ಮಾಡಿದವರು ಮರುದಿನ ಮೆಟ್ಟಿಲು ಇಳಿಯಲಾರರು.

ಪುರುಷರಿಗೆ 85 ಕೆ.ಜಿ. ತೂಕದ ಮಿತಿ ಇರುವಲ್ಲಿ 84ರಲ್ಲಿರುವ ಹುಡುಗನಿಗೆ 10, 12ರ ಸೆಟ್ ಮಾಡಿಸಿ ತೂಕ ಏರಿಸಿ, ಪಂದ್ಯದ ಹಿಂದಿನ ದಿನ ನೀರು ಬಿಡಿಸಿ ಓಡಿಸುವುದನ್ನು ನಿಲ್ಲಿಸಬೇಕು. ಅವನಿಗೆ ಭಾರ ಜಾಸ್ತಿ, ಸಂಖ್ಯೆ ಕಡಿಮೆ. ಬಲ ಏರುತ್ತದೆ, ತೂಕ ಹೆಚ್ಚೇನೂ ಏರುವುದಿಲ್ಲ. ದಮ್ಮಿಗೆ 25 ಸೆಕೆಂಡ್ ಕೆಲಸ, 75 ಸೆಕೆಂಡ್ ಬಿಡುವು, 8 ಸಲ. ಕೊನೆಯ ಎರಡನ್ನು ‘ಕಬಡ್ಡಿ ಕಬಡ್ಡಿ’ ಹೇಳಿಕೊಂಡೇ ಮಾಡಿಸಿ. ಉಸಿರು ಹಿಡಿದು ಮಾಡುವ ಕೆಲಸ ಬೇರೆಯೇ.

ಓಟಗಾರರದ್ದು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ವಾದವೇ ಉಳಿದಿಲ್ಲ. ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ ಮಾಡಿದರೆ ಅದೇ ವೇಗದಲ್ಲಿ ಓಡಲು ಕಡಿಮೆ ಶಕ್ತಿ ಸಾಕಾಗುತ್ತದೆ. ಆದರೂ ಕಬ್ಬನ್ ಪಾರ್ಕಿನಲ್ಲಿ ಓಡುವ ಬಹಳ ಜನ ಜಿಮ್‌ನಲ್ಲಿ ಹಗುರ ಡಂಬೆಲ್, 20 ಸಲ ಅನ್ನುತ್ತಾರೆ. 20 ಅಲ್ಲ, 20 ಸಾವಿರ ಸಲ ಹಗುರವಾಗಿ ಕಾಲೆತ್ತುವುದನ್ನು ಓಟವೇ ಮಾಡಿಸಿದೆ. 6 ಸಲದ ನಂತರ ಏಳನೆಯದು ಕಷ್ಟ ಅನ್ನಿಸುವಷ್ಟು ಭಾರ ಹಿಡಿಯಿರಿ, ಮಂಡಿ ಬಗ್ಗಿಸಿದ ಹಿಮ್ಮಡಿ ಎತ್ತುವಿಕೆಯನ್ನು ಮಾತ್ರ ಯಾವತ್ತೂ ಬಿಡಬೇಡಿ.

ನಲವತ್ತು ಮಕ್ಕಳು, ಎರಡು ರ್‍ಯಾಕ್

‘ಒಬ್ಬೊಬ್ಬರಿಗೆ ಒಂದೊಂದು ಬರೆಯಲು ಯಾರಿಗೆ ಪುರುಸೊತ್ತು?’ ನ್ಯಾಯವಾದ ಪ್ರಶ್ನೆ. ಒಂದೇ ಹಿಟ್ಟಿನಲ್ಲಿ ದೋಸೆಯನ್ನೂ ಪಡ್ಡನ್ನೂ ಮಾಡುತ್ತೇವಲ್ಲ, ಹಾಗೆ ಮಾಡಿ. ಕೂತೇಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು ಎಲ್ಲರಿಗೂ ಇರಲಿ. ಭಾರ ಅವರವರದ್ದು. ಕೊನೆಯ 12 ನಿಮಿಷದ ಎರಡು ವ್ಯಾಯಾಮ ಮಾತ್ರ ಆಟಕ್ಕೆ, ಆಟಗಾರನ ಕೊರತೆಗೆ ತಕ್ಕಂತೆ ಬೇರೆ. ನಾಲ್ಕು ಬಣ್ಣದ ಕಾರ್ಡು ಗೋಡೆಗೆ ಅಂಟಿಸಿದರೆ ಮುಗಿಯಿತು. ವೈಟ್‌ಫೀಲ್ಡಿನಿಂದ ಒಂದೂವರೆ ಗಂಟೆ ಕಾರಿನಲ್ಲಿ ಮಡಚಿ ಕೂತು ಬಂದ ಮಗುವನ್ನು ನೇರ ಬಾರ್‌ಬೆಲ್ ಇಡುವ ರ್‍ಯಾಕಿಗೆ ಕಳಿಸಬೇಡಿ, ಸೊಂಟ ಬಿಡಿಸಲು ಹತ್ತು ನಿಮಿಷ ಕೊಡಿ.

ವಾರದ ಒಟ್ಟು ಹೊರೆಗೆ ಸುಲಭದ ಲೆಕ್ಕ: ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ‘ಹತ್ತಕ್ಕೆ ಎಷ್ಟು ಕಷ್ಟ ಇತ್ತು?’ ಎಂದು ಕೇಳಿ, ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 6, ಅಂದರೆ 540. ಮುಗಿದ ತಕ್ಷಣ ಕೇಳಿದರೆ ಕೊನೆಯ ಐದು ನಿಮಿಷದ ಸುಸ್ತನ್ನೇ ಹೇಳುತ್ತಾರೆ. ವಾರದ ಮೊತ್ತ 2,000ದಿಂದ ಥಟ್ಟನೆ 3,500ಕ್ಕೆ ಜಿಗಿದರೆ ಎಚ್ಚರ. ಈ ವಾರದ ಹೊರೆಗೂ ಹಿಂದಿನ ವಾರಗಳ ಸರಾಸರಿಗೂ ಇರುವ ಅನುಪಾತ ಇಷ್ಟು ದಾಟಿದರೆ ಪೆಟ್ಟು ಗ್ಯಾರಂಟಿ ಅನ್ನುವ ಆ್ಯಪ್‌ಗಳ ಕೆಂಪು ದೀಪವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಜಿಗಿತ ಯಾಕಾಯಿತು ಎಂದು ವಿಚಾರಿಸುವುದಕ್ಕೆ ಆ ಅಂಕಿ ಸಾಕು.

ನಮ್ಮಲ್ಲಿ ಆ ಜಿಗಿತ ಪ್ರತಿವರ್ಷ ಒಂದೇ ಹೊತ್ತಿಗೆ ಬರುತ್ತದೆ. ಫೆಬ್ರವರಿ, ಮಾರ್ಚ್ ಪರೀಕ್ಷೆ, ಎಲ್ಲ ಬಂದ್. ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ, ದಿನಕ್ಕೆ ನಾಲ್ಕು ಗಂಟೆ. ಪರೀಕ್ಷೆಯ ಎರಡು ತಿಂಗಳು ವಾರಕ್ಕೆ ಒಂದು ದಿನ 25 ನಿಮಿಷ ಕೊಟ್ಟರೆ ಗಳಿಸಿದ ಬಲದ ಬಹುಪಾಲು ಉಳಿಯುತ್ತದೆ, ಭಾರ ಇಳಿಸದೆ ಸೆಟ್ ಮಾತ್ರ ಇಳಿಸಿದರೆ: ಸ್ಪ್ಲಿಟ್ ಸ್ಕ್ವಾಟ್ 2×5, ಚಿನ್‌ಅಪ್ 2×5, ಹಿಮ್ಮಡಿ ಎತ್ತುವಿಕೆ 2×8, ಜೊತೆಗೆ ದಿನಾ ಸಂಜೆ ಟೆರೇಸಿನ ಮೇಲೆ ಐದು ನಿಮಿಷ ಹಗ್ಗದಾಟ, ಎಲುಬಿಗೆ ನೆಲದ ಪೆಟ್ಟು ಮರೆಯದಿರಲಿ ಅಂತ. ಶಿಬಿರದ ಮೊದಲ ವಾರ ಬೌಲರ್‌ಗೆ ದಿನ ಬಿಟ್ಟು ದಿನ 18 ಚೆಂಡು, ಮುಕ್ಕಾಲು ವೇಗ. ಎರಡನೆಯ ವಾರ 24. ಮೂರನೆಯ ವಾರ ಅದೇ 24, ಪೂರ್ತಿ ವೇಗ. ಚೆಂಡಿನ ಸಂಖ್ಯೆಯನ್ನೂ ವೇಗವನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಫೀಸು ಕಟ್ಟಿದ ಅಪ್ಪ ಬಂದು ‘ಇಷ್ಟೇನಾ ಸಾರ್?’ ಅಂತ ಕೇಳಿದರೆ, ಕಿಟ್ ಬ್ಯಾಗಿನ ಪುಸ್ತಕ ತೆಗೆದು ಮಾರ್ಚ್ ತಿಂಗಳ ಖಾಲಿ ಹಾಳೆ ತೋರಿಸಿ.